ಮೂರನೇ ತಿರುವಿನ ಮರಳು

ಫೆಬ್ರವರಿ 8, ಶನಿವಾರ

ಕೆಂಪು ಚುಕ್ಕಿ ಬಂತು. ಹಾಂ, ರೆಕಾರ್ಡ್ ಆಗ್ತಿದೆ.

ಇದನ್ನ ಅತ್ತಿಗೆಗೆ ಕಳಿಸಲ್ಲ. ಹೋದ ವಾರ ಅವರು ಖಡಾಖಂಡಿತ ಹೇಳಿಬಿಟ್ರು, "ನಿನ್ನ ಪುರಾಣ ಕೇಳ್ತಾ ಕೂತ್ರೆ ನನ್ನ ಹೊಲಿಗೆ ಮೆಷಿನ್ನು ತುಕ್ಕು ಹಿಡಿಯತ್ತೆ. ಪುರಾಣ ನೀನೇ ಇಟ್ಕೋ, ನನಗೆ ಸಾರಾಂಶ ಹೇಳು" ಅಂತ. ಸರಿ, ಇಟ್ಕೊಂಡೆ. ರೂಮಲ್ಲಿ ಮಾತಾಡೋ ಹಾಗಿಲ್ಲ. ಬೇಕರಿ ಅಣ್ಣ ನಸುಕಿಗೇ ಎದ್ದು ಕೆಲಸಕ್ಕೆ ಹೋಗೋನು, ಆಗಲೇ ಗೊರಕೆ ಶುರುವಾಗಿದೆ. ಮೆಟ್ಟಿಲ ಮೇಲೆ ಕೂತು ಪಿಸುಗುಟ್ತಿದೀನಿ.

ಇವತ್ತು ಟ್ರ್ಯಾಕಲ್ಲಿ ನನ್ನ ಮೊದಲ ದಿನ! ಆ ಸದ್ದು ಇನ್ನೂ ಕಿವಿಯೊಳಗೇ ಇದೆ. ಬೈಕು ಕಾಣೋ ಮುಂಚೆ ಎದೆಗೂಡು ನಡುಗತ್ತೆ. ಆಮೇಲೆ ತಿರುವಿನಿಂದ ಒಂದು ಬಣ್ಣ ಚಿಮ್ಮತ್ತೆ, ಏನದು ಅನ್ನೋಷ್ಟರಲ್ಲಿ ಹೋಗೇಬಿಟ್ಟಿರತ್ತೆ. ಹಿಂದೆ ಸುಟ್ಟ ರಬ್ಬರಿನ ವಾಸನೆ ಮಾತ್ರ.

ಇದು ರೇಸಲ್ಲ, ಗೆಲ್ಲೋರು ಸೋಲೋರು ಇಲ್ಲ. ಎರಡು ವಾರಕ್ಕೊಂದು ಶನಿವಾರ ರೇಸ್ ರಸ್ತೆನ ಸಾಮಾನ್ಯ ಜನರಿಗೆ ಬಿಡ್ತಾರೆ. ಬ್ಯಾಂಕಿನೋರು, ಡಾಕ್ಟರು, ಗ್ಯಾರೇಜಿನೋರು, ಎಲ್ಲ ಚರ್ಮದ ಸೂಟು ಏರಿಸ್ಕೊಂಡು ಬರ್ತಾರೆ. ವೇಗದ ಗುಂಪು, ಮಧ್ಯದ ಗುಂಪು, ನಿಧಾನದ ಗುಂಪು ಅಂತ ಸರದಿ ಮೇಲೆ ಒಳಗೆ ಬಿಡ್ತಾರೆ. ನಾವು ಫೋಟೋ ತೆಗೀತೀವಿ, ಸಂಜೆ ಅವರು ನಮ್ಮ ಪುಟ್ಟ ಫೋಟೋ ಅಂಗಡಿ ಗೂಡಿಗೆ ಬಂದು ನೋಡಿ ತಗೊಂಡು ಹೋಗ್ತಾರೆ. ಹೆಲ್ಮೆಟ್ ಒಳಗೆ ಮುಖ ಕಾಣಲ್ವಲ್ಲ, ಬೈಕಿನ ಮೂತಿ ಮೇಲಿನ ನಂಬರ್ ನೋಡಿ ಫೋಟೋ ವಿಂಗಡಿಸಬೇಕು. ಅದು ನನ್ನ ಕೆಲಸ.

ಯಜಮಾನ್ರನ್ನ ಎಲ್ರೂ ಕಂಬ ಸರ್ ಅಂತಾರೆ, ಎದುರಿಗೇ. ಯಾಕೆ ಅಂತ ಇವತ್ತು ಗೊತ್ತಾಯ್ತು. ಬೆಳಗ್ಗೆ ತಿರುವಲ್ಲಿ ನಿಂತ್ರೆ ಮಧ್ಯಾಹ್ನದವರೆಗೆ ಪಾದ ಅಲ್ಲಾಡಲ್ಲ. ಹೆಗಲ ಮೇಲೆ ಒಂದು ಕಾಗೆ ಬಂದು ಕೂತ್ಕೊಳೋದೊಂದು ಬಾಕಿ.

ಕೊನೇ ಸರದಿಯಲ್ಲಿ, "ತಗೋ, ನೀನೂ ನೋಡು" ಅಂತ ಕ್ಯಾಮೆರಾ ನನ್ನ ಕೈಗೆ ಕೊಟ್ರು. ದಬದಬ ಹೊಡೆದೆ. ಅಬ್ಬ, ಏನು ಸ್ಪಷ್ಟ! ಚಕ್ರದ ಕಡ್ಡಿ ಎಣಿಸಬಹುದು. ಕುಣೀತಾ ತೋರಿಸಿದೆ. ಅವರು ಪರದೆ ನೋಡಿ, "ಸ್ಟ್ಯಾಂಡ್ ಎಲ್ಲಿ?" ಅಂದ್ರು.

"ಯಾವ ಸ್ಟ್ಯಾಂಡ್ ಸರ್?"

"ಪಾಪ ಯಾರೋ ರಸ್ತೆ ಮಧ್ಯ ಬೈಕ್ ನಿಲ್ಲಿಸಿದಾರೆ. ಸ್ಟ್ಯಾಂಡ್ ಹಾಕಿಲ್ಲ, ಬಿದ್ದುಹೋಗತ್ತೆ."

ನಿಜವಾಗ್ಲೂ ಹಾಗೇ ಇತ್ತು. ಅಷ್ಟು ಜೋರಾಗಿ ಹೋದ ಬೈಕು ಫೋಟೋದಲ್ಲಿ ಅಂಗಡಿ ಮುಂದೆ ನಿಲ್ಲಿಸಿದ ಹಾಗಿದೆ! ಶಟರ್ ವಿಪರೀತ ವೇಗ ಇಟ್ಟುಬಿಟ್ಟಿದ್ದೆ. ವೇಗ ಕಾಣಬೇಕಂದ್ರೆ ಶಟರ್ ನಿಧಾನ ಆಗ್ಬೇಕಂತೆ, ಕ್ಯಾಮೆರಾ ಬೈಕಿನ ಜೊತೆಗೇ ತಿರುಗಬೇಕಂತೆ. "ಕಾಲು ನೆಡು, ಸೊಂಟ ತಿರುಗಿಸು. ನೀನು ಕಾದ ಹೆಂಚಿನ ಮೇಲೆ ನಿಂತೋನ ಹಾಗೆ ಕುಣೀತಿದೀಯ."

ಕುಣೀದೆ ಏನು ಮಾಡಲಿ? ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದೋನು ಅಂತ ಅತ್ತಿಗೆ ಸುಮ್ಮನೆ ಹೇಳ್ತಾರಾ? ಇದು ನನಗೆ ಐದನೇ ಊರು. ಅವರು ದಪ್ಪ ಬಟ್ಟೆಯಲ್ಲಿ ಹೊಲಿದುಕೊಟ್ಟ ಬ್ಯಾಗು ಮಂಚದ ಕೆಳಗಿದೆ, ಜಿಪ್ಪು ಕೂಡ ಪೂರ್ತಿ ತೆಗೆದಿಲ್ಲ. ಬೇಕಾದ ಅಂಗಿ ಎಳೆದು ಹಾಕೋದು, ಒಗೆದು ಮತ್ತೆ ತುರುಕೋದು. ಬಿಸಿಲು ಏರೋವರೆಗೆ ಇಲ್ಲಿದ್ದು ಆಮೇಲೆ ಸಮುದ್ರದ ಕಡೆ ಹೋಗೋಣ ಅಂತಿದೀನಿ.

ಆದ್ರೆ ಆ ಸದ್ದು!

ಫೆಬ್ರವರಿ 11, ಮಂಗಳವಾರ

ಸರ್ರ ಹಳೇ ಕ್ಯಾಮೆರಾ ಕೇಳಿ ತಂದಿದೀನಿ. ಮುಖ್ಯರಸ್ತೆ ಪಕ್ಕ ನಿಂತು ಬರೋ ಹೋಗೋ ವಾಹನಕ್ಕೆಲ್ಲ ಸೊಂಟ ತಿರುಗಿಸಿದೆ. ಔಷಧಿ ಅಂಗಡಿಯೋರು ಹೊರಗೆ ಬಂದು, "ಏನಪ್ಪಾ, ಸೊಂಟ ಉಳುಕಿದ್ಯಾ? ಮುಲಾಮು ಕೊಡ್ಲಾ?" ಅಂದ್ರು. ಇನ್ನೂರು ಫೋಟೋದಲ್ಲಿ ಒಂದು ಸೈಕಲ್ಲು ಸರಿಯಾಗಿ ಬಂತು. ಸೈಕಲ್ ಮೇಲಿನ ಅಜ್ಜ ಜೆಟ್ ವಿಮಾನ ಓಡಿಸೋ ಹಾಗೆ ಕಾಣ್ತಿದಾರೆ. ಹಿಂದೆ ಇಡೀ ಬೀದಿ ಗೆರೆಗೆರೆಯಾಗಿ ಹರೀತಿದೆ.

ನಿದ್ದೆ ಬರ್ತಿಲ್ಲ. ಇನ್ನೊಂದು ಸಲ ಆ ಅಜ್ಜನ್ನ ನೋಡಿ ಮಲಗ್ತೀನಿ.

ಫೆಬ್ರವರಿ 22, ಶನಿವಾರ

ಬಂತು! ಬಂತು ಬಂತು ಬಂತು!

ಮೆಲ್ಲಗೆ ಮಾತಾಡ್ಬೇಕು. ಬೇಕರಿ ಅಣ್ಣ ಒಳಗಿಂದ ಗೋಡೆಗೆ ಗುದ್ದಿದ.

ಮೂರನೇ ತಿರುವು ಅಂದ್ರೆ ಎಡಕ್ಕೆ ಬಳಸೋ ಉದ್ದನೇ ತಿರುವು. ಅದರ ಹೊರಗಡೆ, ಹಾದಿ ತಪ್ಪಿದೋರನ್ನ ಹಿಡಿದು ನಿಲ್ಸೋಕೆ ಅಂತ ಮರಳು ಹಾಸಿದಾರೆ. ಮರಳಿನಾಚೆ ಹಳೇ ಟೈರುಗಳ ಗೋಡೆ. ಆ ಗೋಡೆ ಹಿಂದೆ ಕಿತ್ತಳೆ ಬಣ್ಣದ ಕೋಟು ಹಾಕ್ಕೊಂಡೋರು ಮಾತ್ರ ನಿಲ್ಲಬಹುದು. ಇವತ್ತು ಕಂಬ ಸರ್ ಒಂದು ಕೋಟು ನನ್ನ ಮೇಲೆ ಎಸೆದ್ರು. ಅಲ್ಲಿಂದ ನೋಡಿದ್ರೆ ಬೈಕುಗಳು ನೇರ ನನ್ನ ಕಡೆಗೇ ನುಗ್ಗಿ ಬರ್ತವೆ, ಇನ್ನೇನು ಮೈಮೇಲೆ ಬಂತು ಅನ್ನೋವಾಗ ನೆಲಕ್ಕೆ ಒರಗಿ ಎಡಕ್ಕೆ ಜಾರಿ ಹೋಗ್ತವೆ. ಮೊಣಕಾಲಿಗೆ ಒಂದು ಪ್ಲಾಸ್ಟಿಕ್ ಬಿಲ್ಲೆ ಕಟ್ಕೊಂಡಿರ್ತಾರೆ, ಚೆನ್ನಾಗಿ ಓಡಿಸೋರದು ರಸ್ತೆಗೆ ತಾಗಿ ಚರ್ರ್ ಅನ್ನತ್ತೆ. ಆ ಚರ್ರ್ ಕೇಳಿದ್ರೆ ನನ್ನ ಬೆನ್ನಲ್ಲಿ ಇರುವೆ ಓಡಿದ ಹಾಗಾಗತ್ತೆ.

ವೇಗದ ಗುಂಪಿನದು ನಾಲ್ಕು ಚೆನ್ನಾಗಿ ಬಂದವು. ಆದ್ರೆ ಬಂತು ಅಂದಿದ್ದು ಅದಕ್ಕಲ್ಲ. ನಿಧಾನದ ಗುಂಪಲ್ಲಿ ಒಂದು ಬೈಕಿದೆ, ನಂಬರ್ ಅರವತ್ತೆಂಟು, ಹಳದಿ ಹೆಲ್ಮೆಟ್ಟು. ಸಂಜೆ ವಿಂಗಡಿಸ್ತಾ ಕೂತಾಗ ಕಂಡಿದ್ದು: ಎಲ್ಲಾ ಫೋಟೋದಲ್ಲೂ ಆ ಹೆಲ್ಮೆಟ್ಟಿನ ಗಾಜಿನೊಳಗಿಂದ ಎರಡು ಕಣ್ಣು ನೇರ ಲೆನ್ಸಿಗೇ ನೋಡ್ತಿವೆ! ಬೇರೆ ಯಾರ ಫೋಟೋದಲ್ಲೂ ಕಣ್ಣೇ ಸಿಗಲ್ಲ. ಎಲ್ರೂ ತಿರುವಿನ ಆಚೆ ಎಲ್ಲೋ ನೋಡ್ತಿರ್ತಾರೆ, ಪಕ್ಕಕ್ಕೆ ತಿರುಗಿದ ಹೆಲ್ಮೆಟ್ ಮಾತ್ರ. ಇವರೊಬ್ರೇ ನನ್ನ ನೋಡಿದ್ದು.

ಕಂಬ ಸರ್ ಬಹಳ ಹೊತ್ತು ನೋಡಿ, "ಹೂಂ" ಅಂದ್ರು. ಅವರ 'ಹೂಂ' ಬೇರೆಯೋರ ಚಪ್ಪಾಳೆ ಇದ್ದ ಹಾಗೆ. ಆಮೇಲೆ ಕೇಳು. ಗೂಡಿನ ಬಾಗಿಲ ಮೇಲೆ ಪ್ರತಿ ವರ್ಷ ಒಂದೇ ಒಂದು ದೊಡ್ಡ ಫೋಟೋ ಅಂಟಿಸ್ತಾರೆ. ಬಂದೋರೆಲ್ಲ ಮೊದಲು ನೋಡೋದೇ ಅದನ್ನ. "ಏಪ್ರಿಲ್ ಮೊದಲ ಶನಿವಾರ ಕೊನೇ ಟ್ರ್ಯಾಕ್ ದಿನ. ಆಮೇಲೆ ಮೂರು ತಿಂಗಳು ಬಾಗಿಲು ಹಾಕಿ ಹೊಸ ಡಾಂಬರು ಹಾಕ್ತಾರೆ. ಅಷ್ಟರೊಳಗೆ ಬಾಗಿಲಿಗೆ ಹಾಕೋ ಅಂಥದ್ದೊಂದು ಕೊಡು, ಮುಂದಿನ ಸಲದಿಂದ ಮೂರನೇ ತಿರುವು ನಿಂದು. ಇಲ್ದಿದ್ರೆ ಒಳಗೆ ಕೂತು ನಂಬರ್ ವಿಂಗಡಿಸ್ಕೊಂಡಿರು."

ಸ್ವಂತ ತಿರುವು! ಜಮೀನು ಬರ್ಕೊಟ್ಟ ಹಾಗೆ ಹೇಳಿದ್ರು!

ಮಾರ್ಚ್ 8, ಶನಿವಾರ

ಅರವತ್ತೆಂಟು ಯಾರು ಅಂತ ಗೊತ್ತಾಯ್ತು. ನಾನೇನೋ ಕಾಲೇಜು ಹುಡುಗ ಇರಬೇಕು ಅಂದ್ಕೊಂಡಿದ್ದೆ. ಹೆಲ್ಮೆಟ್ ತೆಗೆದ್ರೆ ಅರ್ಧ ನರೆತ ಕೂದಲಿನ, ಕೆನ್ನೆ ತುಂಬ ನಗು ಇರೋ ಹೆಂಗಸು!

"ನೀನೇನಾ ಆ ಟೈರಿನ ಹಿಂದೆ ಕುಣಿಯೋನು?" ಅಂದ್ರು.

"ಫೋಟೋ ತೆಗೀತೀನಿ ಮೇಡಂ."

"ಮೇಡಂ ಗೀಡಂ ಬೇಡಪ್ಪ. ನಾನು ಸ್ಕೂಲ್ ಬಸ್ ಓಡಿಸೋಳು. ಮಕ್ಕಳೆಲ್ಲ ಬಸ್ಸಕ್ಕ ಅಂತಾರೆ, ನೀನೂ ಹಾಗೇ ಅನ್ನು. ವಾರವೆಲ್ಲ ಆಮೆ ಥರ ಓಡ್ಸಿ ಓಡ್ಸಿ ಸಾಕಾಗಿ ಇಲ್ಲಿ ಬರ್ತೀನಿ. ಇಲ್ಲೂ ಆಮೆನೇ ಅನ್ನು, ಆದ್ರೆ ಸೂಟು ಹಾಕ್ಕೊಂಡ ಆಮೆ."

ಮಧ್ಯಾಹ್ನ ನಾವಿಬ್ರೂ ಅವರ ಡಬ್ಬಿಯಿಂದ ತಿಂದ್ವಿ. ಅವರಿಗೆ ಒಂದೇ ಆಸೆ ಅಂತೆ, ಒಂದು ಸಲ ಮೊಣಕಾಲು ನೆಲಕ್ಕೆ ತಾಗಬೇಕು. ತಮ್ಮ ಬಿಲ್ಲೆ ತೋರಿಸಿದ್ರು. ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೇ ಇದೆ, ಒಂದು ಗೀರಿಲ್ಲ. "ಬಸ್ಸಿನ ಮಕ್ಕಳಿಗೆ ಮಾತು ಕೊಟ್ಟುಬಿಟ್ಟಿದೀನಿ, ಗೀರು ಬಿದ್ದ ದಿನ ತಂದು ತೋರಿಸ್ತೀನಿ ಅಂತ. ಆ ಪಿಳ್ಳೆಗಳು ಪ್ರತಿ ಸೋಮವಾರ ಬಾಗಿಲಲ್ಲೇ ಕೇಳ್ತವೆ, 'ಬಸ್ಸಕ್ಕಾ, ಗೀಚ್ತಾ?' 'ಇಲ್ಲ ಮಕ್ಳಾ.' ಅರವತ್ತು ಗಂಟಲು ಒಟ್ಟಿಗೆ 'ಅಯ್ಯೋ' ಅನ್ನತ್ತೆ. ಅದನ್ನ ಕೇಳಿದ್ರೆ ಊಟ ಸೇರಲ್ಲಪ್ಪ."

ನನಗೆ ಇಷ್ಟವಾಗಿಬಿಟ್ರು. ಮಧ್ಯಾಹ್ನದ ಸರದಿಯಲ್ಲಿ ಅವರು ಬಂದಾಗೆಲ್ಲ ಹೆಬ್ಬೆರಳೆತ್ತಿ ತೋರಿಸಿದೆ, ಕೋಟು ಬೀಸಿದೆ, ಕುಣಿದೆ. ಅವರೂ ಪ್ರತಿ ಸಲ ನೋಡಿದ್ರು. ಆರು ಫೋಟೋ, ಹನ್ನೆರಡು ಕಣ್ಣು! ಕೊನೇದರಲ್ಲಂತೂ ಕಣ್ಣಂಚಲ್ಲಿ ನಗು ಕೂಡ ಕಾಣತ್ತೆ. ಕಂಬ ಸರ್, "ಇನ್ನೊಂದು ಚೂರು ಹತ್ತಿರ ಬಂದಿದ್ರೆ ಬಾಗಿಲಿಗೇ" ಅಂದ್ರು.

ಇನ್ನೊಂದು ಚೂರು ಹತ್ತಿರ. ಮುಂದಿನ ಸಲ ಟೈರ್ ಗೋಡೆಗೆ ಅಂಟ್ಕೊಂಡೇ ನಿಲ್ತೀನಿ.

ಮಾರ್ಚ್ 12, ಬುಧವಾರ

ಅತ್ತಿಗೆ ಫೋನು. ಮೆಷಿನ್ನು ಕಟಕಟ ಅಂತಾನೇ ಇತ್ತು. "ಸಮುದ್ರ ಬಂತಾ?" ಅಂದ್ರು. ಇಲ್ಲ, ಇನ್ನೊಂದು ತಿರುವು ಬಾಕಿ ಇದೆ ಅಂದೆ. "ನಿನಗೆ ಯಾವಾಗ್ಲೂ ಇನ್ನೊಂದು ತಿರುವು ಬಾಕಿನೇ" ಅಂದ್ರು. ಸಾರಾಂಶ ಅಷ್ಟೇ.

ಮಾರ್ಚ್ 22, ಶನಿವಾರ

ಹೇಗೆ ಹೇಳೋದು.

ಬಸ್ಸಕ್ಕ ಮರಳಿಗೆ ಇಳಿದ್ರು. ಏನೂ ಆಗಿಲ್ಲ, ಅದನ್ನ ಮೊದಲೇ ಹೇಳ್ಬಿಡ್ತೀನಿ, ಏನೂ ಆಗಿಲ್ಲ.

ಮೂರನೇ ಸುತ್ತು. ನಾನು ಗೋಡೆಗೆ ಅಂಟ್ಕೊಂಡು ನಿಂತಿದ್ದೆ. ಹಳದಿ ಹೆಲ್ಮೆಟ್ ಬಂತು. ಹೆಬ್ಬೆರಳೆತ್ತಿದೆ. ಕಣ್ಣು ಸಿಕ್ತು. ಹೊಡೆದೆ. ಹೊಡೀತಾ ಹೋದೆ. ಲೆನ್ಸಲ್ಲಿ ಕಣ್ಣು ದೊಡ್ಡದಾಯ್ತು, ಇನ್ನೂ ದೊಡ್ಡದಾಯ್ತು, ಇದೇ ಬಾಗಿಲ ಫೋಟೋ ಅಂತ ಮನಸ್ಸಲ್ಲೇ ಕೇಕೆ ಹಾಕಿದೆ. ಒರಗಬೇಕಿದ್ದ ಬೈಕು ಒರಗಲೇ ಇಲ್ಲ. ರಸ್ತೆ ಎಡಕ್ಕೆ ಹೋಯ್ತು, ಬೈಕು ನನ್ನ ಕಡೆಗೇ ಬಂತು. ಮರಳಲ್ಲಿ ಮುಂದಿನ ಚಕ್ರ ಹೂತು, ಅವರು ಮೆಲ್ಲಗೆ ಮಗ್ಗುಲಾಗಿ ಬಿದ್ರು. ಮೂಟೆ ಇಳಿಸಿದ ಹಾಗೆ. ಎದ್ದು ಕೂತು, "ಬೂಟೊಳಗೆಲ್ಲ ಮರಳು" ಅಂತ ನಕ್ರು. ನನಗೆ ನಗು ಬರಲಿಲ್ಲ.

ನಿಧಾನದ ಗುಂಪಿಗೆ ಕಲಿಸೋರನ್ನ ಎಲ್ರೂ ಮೇಷ್ಟ್ರು ಅಂತಾರೆ. ಬೈಕೆಲ್ಲ ಎತ್ತಿ ಸಾಗಿಸಿದ ಮೇಲೆ ಅವರು ನನ್ನ ತೋಳು ಹಿಡಿದು ಮರಳಿಗೆ ಇಳಿಸಿದ್ರು.

"ನೋಡು."

ಮರಳಲ್ಲಿ ಚಕ್ರದ ಗೆರೆ. ರಸ್ತೆ ಅಂಚಿಂದ ಶುರುವಾಗಿ, ಒಂಚೂರೂ ಸೊಟ್ಟ ಇಲ್ಲದೆ, ದಾರ ಹಿಡಿದು ಎಳೆದ ಹಾಗೆ ಬಂದಿದೆ. ಅದರ ನೇರಕ್ಕೆ ಕಣ್ಣು ಹಾಯಿಸಿದ್ರೆ ಟೈರ್ ಗೋಡೆ ಮೇಲೆ ನನ್ನ ನೀರಿನ ಬಾಟಲಿ. ನಾನು ನಿಂತಿದ್ದ ಜಾಗ.

"ಕಣ್ಣು ಎಲ್ಲೋ, ಗಾಡಿ ಅಲ್ಲೇ" ಅಂದ್ರು ಮೇಷ್ಟ್ರು. "ಮೊದಲ ದಿನದ ಪಾಠ ಇದು. ತಿರುವಿನ ಆಚೆ ನೋಡಿದ್ರೆ ಗಾಡಿ ಆಚೆ ಹೋಗತ್ತೆ. ಅವರು ನಿನ್ನ ನೋಡ್ತಾರೆ. ಎಷ್ಟು ಹೇಳಿದ್ರೂ ನಿನ್ನೇ ನೋಡ್ತಾರೆ. ಒಂದು ಋತುವಲ್ಲಿ ಎರಡು ಸಲ ಮರಳಿಗಿಳಿದ್ರೆ ಟ್ರ್ಯಾಕ್ ಕಾರ್ಡು ರದ್ದು, ಆಮೇಲೆ ಅವರನ್ನ ಇಲ್ಲಿ ಬಿಡಲ್ಲ. ಇನ್ನೊಂದೇ ಬಾಕಿ ಇರೋದು."

ಇವತ್ತು ತೆಗೆದ ಫೋಟೋ ನೋಡಿದೆ. ನಾನು ಈವರೆಗೆ ತೆಗೆದಿರೋದರಲ್ಲಿ ಅದೇ ಚೆನ್ನಾಗಿದೆ. ಕಣ್ಣಲ್ಲಿ ನಾನೇ ಕಾಣ್ತೀನಿ, ಕಿತ್ತಳೆ ಬಣ್ಣದ ಒಂದು ಚುಕ್ಕಿ.

ಮಾರ್ಚ್ 23, ಭಾನುವಾರ

ಏನೂ ಇಲ್ಲ.

ಮಾರ್ಚ್ 25, ಮಂಗಳವಾರ

ಸ್ಕೂಲ್ ಬಸ್ಸುಗಳು ನಿಲ್ಲೋ ಶೆಡ್ಡು ಹುಡುಕ್ಕೊಂಡು ಹೋದೆ. ಬಸ್ಸಕ್ಕ ಸೀಟಿನ ಕೆಳಗಿಂದ ಯಾರದೋ ಒಂದೇ ಒಂದು ಕಾಲುಚೀಲ ಗುಡಿಸಿ ತೆಗೀತಿದ್ರು.

"ಕ್ಷಮಿಸಿ ಬಸ್ಸಕ್ಕ. ಕೊನೇ ದಿನ ನಾನು ಅಲ್ಲಿ ನಿಲ್ಲಲ್ಲ."

"ನೀನಿಲ್ದಿದ್ರೆ ಇನ್ಯಾರೋ ನಿಲ್ತಾರೆ. ಬಾ, ಹತ್ತು. ಒಂದು ಸುತ್ತು ಹೋಗೋಣ."

ಖಾಲಿ ಬಸ್ಸು. ನಾನು ಮುಂದಿನ ಸೀಟಲ್ಲಿ ಕೂತು ಅವರ ಕಣ್ಣನ್ನೇ ನೋಡಿದೆ. ಅಬ್ಬಬ್ಬ! ಆ ಕಣ್ಣು ರಸ್ತೆ ಮೇಲೆ ಇರೋದೇ ಕಡಿಮೆ. ಬಲಕ್ಕೆ ಅಂಗಡಿ ಮೆಟ್ಟಿಲಿಂದ ಇಳೀತಿರೋ ಮಗು, ಎಡಕ್ಕೆ ಗೇಟಿಗೆ ಜೋತು ಬಿದ್ದಿರೋ ಹುಡುಗಿ, ಚೆಂಡು ಹಿಡ್ಕೊಂಡೋನು, ಹಗ್ಗ ಆಡ್ತಿರೋಳು. ರಸ್ತೆ ಅಂಚಲ್ಲಿ ಯಾರು ಅಲ್ಲಾಡಿದ್ರೂ ಕಣ್ಣು ಟಕ್ ಅಂತ ಅಲ್ಲಿಗೆ.

"ಅರ್ಥ ಆಯ್ತಾ?" ಅಂದ್ರು. "ಇಪ್ಪತ್ತು ವರ್ಷದಿಂದ ಇದೇ ನನ್ನ ಕೆಲಸ. ಅಂಚಲ್ಲಿ ನಿಂತಿರೋನು ಯಾವ ಗಳಿಗೆಯಲ್ಲಿ ರಸ್ತೆಗೆ ಹಾರ್ತಾನೋ ಅಂತ ನೋಡ್ತಾನೇ ಇರ್ಬೇಕು. ನೋಡ್ಬೇಡ ಅಂತ ಮೇಷ್ಟ್ರು ಹೇಳ್ತಾರೆ, ಸರಿ. ಈ ಕಣ್ಣು ಮೇಷ್ಟ್ರ ಮಾತು ಕೇಳ್ಬೇಕಲ್ಲ?"

"ಹಾಗಾದ್ರೆ ಕಂಬ ಸರ್ ನಿಂತಿದ್ದಾಗ್ಲೂ ನೋಡ್ತಿದ್ರಾ?"

"ಅವರನ್ನೇನು ನೋಡೋದು? ಕಂಬ ರಸ್ತೆಗೆ ಅಡ್ಡ ಓಡತ್ತೇನಪ್ಪ? ನೀನು ನಿಂತಲ್ಲಿ ನಿಲ್ಲಲ್ಲ. ಬಸ್ಸು ನಿಲ್ಸಿ ಅಂತ ಒಂದಕ್ಕೆ ಅವಸರ ಆದ ಹುಡುಗನ ಥರ ಕುಣೀತಿರ್ತೀಯ. ನಿನ್ನ ನೋಡ್ದೆ ಇದ್ರೆ ನನ್ನ ಕೆಲಸದಿಂದ ತೆಗೀಬೇಕು!"

ಇಬ್ರೂ ಹೊಟ್ಟೆ ಹಿಡ್ಕೊಂಡು ನಕ್ವಿ. ಆಮೇಲೆ ಅವರು ದಬಕ್ ಅಂತ ಗೇರ್ ಬದಲಾಯಿಸಿದ್ರು. "ಕಾರ್ಡು ಹೋದ್ರೆ ಬೇಜಾರಿಲ್ಲ ಬಿಡು. ಆ ಪಿಳ್ಳೆಗಳಿಗೆ ಏನಂತ ಹೇಳೋದು ಅನ್ನೋದೇ" ಅಂದ್ರು.

ಬೇಜಾರಿದೆ. ಗೇರು ಅಷ್ಟು ಜೋರಾಗಿ ಯಾರೂ ಹಾಕಲ್ಲ.

ಮಾರ್ಚ್ 27, ಗುರುವಾರ

ತಲೆಯೊಳಗೆ ದೀಪ ಹತ್ತಿಬಿಡ್ತು! ಎದ್ದು ಬಂದು ಹೇಳ್ತಿದೀನಿ, ಇಲ್ದಿದ್ರೆ ಬೆಳಗ್ಗೆಗೆ ಮರೀತೀನಿ.

ಅವರ ಕಣ್ಣು ಕುಣಿಯೋನ ಮೇಲೆ ಬೀಳತ್ತೆ. ಗಾಡಿ ಕಣ್ಣಿನ ಹಿಂದೆ ಹೋಗತ್ತೆ. ಅಂದ ಮೇಲೆ ಕುಣಿಯೋನು ಎಲ್ಲಿರಬೇಕು?

ಮಾರ್ಚ್ 28, ಶುಕ್ರವಾರ

ಮೇಷ್ಟ್ರಿಗೆ ಫೋನ್ ಮಾಡಿದೆ. "ಮೂರನೇ ತಿರುವಲ್ಲಿ ಬಸ್ಸಕ್ಕ ಎಲ್ಲಿ ನೋಡಬೇಕು? ಸರಿಯಾಗಿ ಎಲ್ಲಿ?"

"ತಿರುವು ಮುಗಿದು ಆಚೆ, ಅಪಾಯ ಕಂಡ್ರೆ ಬಾವುಟ ಬೀಸೋನ ಕಟ್ಟೆ ಇದೆಯಲ್ಲ, ಅಲ್ಲಿ."

"ಹಾಗಾದ್ರೆ ನಾನು ಅಲ್ಲಿ ನಿಂತು ಕುಣೀತೀನಿ."

"ನಿನ್ನ ಕೋಟನ್ನ ಒಂದು ಕೋಲಿಗೆ ನೇತುಹಾಕಿದ್ರೆ ಸಾಲದಾ? ಹೊಲದಲ್ಲಿ ಬೆದರುಬೊಂಬೆ ಥರ?" ಅಂದ್ರು. ಬಸ್ಸಕ್ಕನ್ನ ಕೇಳಿದೆ. "ಕೋಟು ಅಮ್ಮನ ಕೈ ಬಿಡಿಸ್ಕೊಂಡು ಓಡತ್ತೇನಪ್ಪ? ಜೀವ ಇರೋದು ಬೇಕು" ಅಂದ್ರು.

ಕಂಬ ಸರ್ರಿಗೆ ಹೇಳಿದಾಗ ಅವರು ಲೆನ್ಸ್ ಒರೆಸ್ತಾನೇ ಕೇಳಿಸ್ಕೊಂಡ್ರು. "ಅಲ್ಲಿಂದ ಫೋಟೋ ಬರಲ್ಲ. ಇಡೀ ತಿರುವು ಕಾಣತ್ತೆ, ಬೈಕು ಕಡಲೆಕಾಳಿನಷ್ಟು. ಬಾಗಿಲು?"

"ಗೊತ್ತು ಸರ್."

"ಕೊನೇ ದಿನ ಅದು."

"ಗೊತ್ತು ಸರ್."

"ಕುಣೀತಾ ಫೋಟೋನೂ ತೆಗಿಯೋಕಾಗಲ್ಲ, ಕೈ ನಡುಗತ್ತೆ."

ಅದು ಮಾತ್ರ ಗೊತ್ತಿರಲಿಲ್ಲ. ಕ್ಯಾಮೆರಾ ಅಲ್ಲಾಡದ ಹಾಗೆ ಯಾವುದರ ಮೇಲಾದ್ರೂ ಕೂರಿಸಬೇಕು. ಸರ್ರ ಮೂರು ಕಾಲಿನ ಸ್ಟ್ಯಾಂಡು ಮುರಿದು ಬಿದ್ದಿದೆ. ಭಾರದ ಚೀಲ ಬೇಕು, ಕ್ಯಾಮೆರಾ ಹುದುಗೋ ಹಾಗೆ ಮೆತ್ತಗಿರಬೇಕು.

ಅತ್ತಿಗೆ ಬ್ಯಾಗು! ದಪ್ಪ ಬಟ್ಟೆ, ಜೋಡಿ ಹೊಲಿಗೆ. ಅದರಷ್ಟು ಗಟ್ಟಿ ಬೇರೆ ಏನಿದೆ? ಬಟ್ಟೆಯೆಲ್ಲ ಹೊರಗೆ ಸುರಿದೆ. ಬೇಕರಿ ಅಣ್ಣ, "ಊರು ಬಿಡ್ತಿದೀಯಾ?" ಅಂತ ಎದ್ದು ಕೂತ. ಇಲ್ಲಪ್ಪ ಮಲಗು ಅಂದೆ. ಗೋಡೆಗೆ ಮೊಳೆ ಹೊಡೆದು ಅಂಗಿ ನೇತುಹಾಕಿದೀನಿ. ಹೊಡೆದಿದ್ದಕ್ಕೆ ಬೈದ, ಆಮೇಲೆ ತಾನೇ ಸುತ್ತಿಗೆ ಕಿತ್ಕೊಂಡು ನೆಟ್ಟಗೆ ಹೊಡೆದುಕೊಟ್ಟ.

ಏಪ್ರಿಲ್ 5, ಶನಿವಾರ

ಉಸಿರು ತಗೊಳ್ತೀನಿ ಇರು. ಮೊದಲಿಂದ ಹೇಳ್ತೀನಿ.

ಬೆಳಗ್ಗೆ ಎಲ್ರಿಗಿಂತ ಮೊದಲೇ ಹೋಗಿ ಬ್ಯಾಗಿಗೆ ಮರಳು ತುಂಬಿದೆ. ಬಸ್ಸಕ್ಕ ಬಿದ್ದ ಜಾಗದ ಮರಳನ್ನೇ. ಕೆದರಿ ಬಿಟ್ಟಿದಾರೆ, ಗೆರೆ ಈಗ ಇಲ್ಲ. ಎತ್ತೋಕೆ ಹೋದ್ರೆ ಜಗ್ಗಲಿಲ್ಲ. ನಾನೂ ಬಾವುಟದೋನೂ ಸೇರಿ ಕಟ್ಟೆ ಮೇಲೆ ಎಳೆದಿಟ್ವಿ. ಕ್ಯಾಮೆರಾನ ಅದರ ಹೊಟ್ಟೆಯಲ್ಲಿ ಹುದುಗಿಸಿ ತಿರುವಿನ ಕಡೆ ತಿರುಗಿಸಿದೆ. ಬಂಡೆ ಕೂಡ ಅಷ್ಟು ಗಟ್ಟಿ ಕೂರಲ್ಲ. ಒಂದು ಕೈ ಗುಂಡಿ ಮೇಲೆ, ಉಳಿದ ಮೈಯೆಲ್ಲ ಕುಣಿಯೋಕೆ ಬಿಡುವು.

ನಿಧಾನದ ಗುಂಪು ಬಂತು. ಹಳದಿ ಹೆಲ್ಮೆಟ್ ದೂರದಲ್ಲಿ ಕಂಡ ಕೂಡಲೇ ಶುರು ಮಾಡಿದೆ. ಅಯ್ಯಯ್ಯೋ, ಹೇಗೆ ಕುಣಿದೆ! ಒಂಟಿ ಕಾಲಲ್ಲಿ, ಜೋಡಿ ಕಾಲಲ್ಲಿ, ಜೇನು ಕಚ್ಚಿದ ಕರಡಿ ಥರ. ಬಾವುಟದೋನು ನಗು ತಡೀಲಾರದೆ ಬಾವುಟ ಬಾಯಿಗೆ ಅಡ್ಡ ಹಿಡಿದ. "ನೆಟ್ಟಗೆ ಹಿಡೀರಿ, ಆಮೇಲೆ ಎಲ್ರೂ ಬ್ರೇಕ್ ಹಾಕ್ತಾರೆ!" ಅಂತ ಕಿರುಚಿದೆ.

ಮೊದಲ ಸುತ್ತು: ಬಸ್ಸಕ್ಕ ಅಭ್ಯಾಸ ಬಲದಿಂದ ಟೈರ್ ಗೋಡೆ ಕಡೆ ನೋಡಿದ್ರು. ಬೈಕು ಮರಳಿನ ಅಂಚಿಗೇ ಹೋಯ್ತು. ಅಲ್ಲಿ ಇದ್ದಿದ್ದು ಕಂಬ ಸರ್, ಕಲ್ಲಿನ ಥರ. ನೋಡೋಕೆ ಏನೂ ಇಲ್ಲ. ಬೈಕು ಹೇಗೋ ರಸ್ತೆ ಮೇಲೇ ಉಳೀತು.

ಎರಡನೇ ಸುತ್ತು: ಅರ್ಧ ತಿರುವಲ್ಲಿ ಹೆಲ್ಮೆಟ್ ಸರಕ್ಕನೆ ನನ್ನ ಕಡೆ ತಿರುಗ್ತು. ಕಂಡೆ! ಕಂಡೆ ನಾನು ಅವರಿಗೆ! ಬೈಕು ಒರಗ್ತು.

ಆಮೇಲೆ ಪ್ರತಿ ಸುತ್ತೂ ಇನ್ನಷ್ಟು ಬೇಗ ನೋಡಿದ್ರು, ಇನ್ನಷ್ಟು ಒರಗಿದ್ರು. ನನ್ನ ಮೀನಖಂಡ ಉರೀತಿತ್ತು, ಅಂಗಿ ತೊಪ್ಪೆಯಾಗಿತ್ತು. ಕೊನೇ ಸುತ್ತು. ಮೇಷ್ಟ್ರು ಅವರ ಹಿಂದೆಯೇ ಬೈಕಲ್ಲಿ ಬರ್ತಿದ್ರು. ಹಳದಿ ಹೆಲ್ಮೆಟ್ ತಿರುವಿಗೆ ಬರೋ ಮುಂಚೆಯೇ ಈ ಕಡೆ ತಿರುಗಿತ್ತು. ನಾನು ಹಾರಿದೆ, ಗುಂಡಿ ಒತ್ತಿದೆ, ಹಾರಿದೆ, ಒತ್ತಿದೆ. ಬೈಕು ಒರಗ್ತಾ ಒರಗ್ತಾ ಒರಗ್ತಾ ಬಂತು...

ಚರ್ರ್.

ಅಷ್ಟು ದೂರದಿಂದ ಕೇಳಿಸಿರೋಕೆ ಸಾಧ್ಯವೇ ಇಲ್ಲ. ನನಗೆ ಕೇಳಿಸ್ತು.

ಅವರು ನನ್ನ ಪಕ್ಕದಲ್ಲೇ ಹಾದುಹೋದಾಗ ಹೆಲ್ಮೆಟ್ ಒಳಗಿಂದ ಬಂದ ಕೇಕೆ ಇಂಜಿನ್ನಿಗಿಂತ ಜೋರಾಗಿತ್ತು. ಕಟ್ಟೆಯಿಂದ ಓಡ್ಕೊಂಡು ಗೂಡಿನ ಹತ್ರ ಹೋಗೋ ಹೊತ್ತಿಗೆ ಅವರು ಬಿಲ್ಲೆ ಬಿಚ್ಚಿ ಎಲ್ರ ಮೂಗಿನ ಕೆಳಗೆ ಹಿಡೀತಿದ್ರು. "ಗೀಚ್ತು! ನೋಡಿ, ಗೀಚ್ತು! ಏ ಡಾಕ್ಟ್ರೇ, ಇಲ್ಲಿ ನೋಡಿ!" ಉಗುರಿನಷ್ಟಗಲ ಒಂದು ಗೀರು. ಮೇಷ್ಟ್ರು ಹೆಲ್ಮೆಟ್ ತೆಗೆದು, "ಇನ್ನು ನಿಮಗೆ ನಿಧಾನದ ಗುಂಪಲ್ಲಿ ಜಾಗ ಇಲ್ಲ. ಮಧ್ಯಕ್ಕೆ ಹೋಗಿ" ಅಂದ್ರು. ಬಸ್ಸಕ್ಕ ನನ್ನ ಬೆನ್ನಿಗೆ ಗುದ್ದಿದ ಗುದ್ದು ಈಗಲೂ ನೋಯ್ತಿದೆ.

ಸಂಜೆ ಫೋಟೋ ದೊಡ್ಡದಾಗಿ ತೆಗೆದು ನೋಡಿದ್ವಿ. ಕಂಬ ಸರ್ ಹೇಳಿದ್ದು ಸರಿ. ಇಡೀ ತಿರುವು, ಮರಳು, ಟೈರ್ ಗೋಡೆ, ಆಕಾಶ. ಮಧ್ಯದಲ್ಲಿ ಕಡಲೆಕಾಳಿನಷ್ಟು ಬಸ್ಸಕ್ಕ, ಮೊಣಕಾಲ ಕೆಳಗೆ ಒಂದು ಎಳೆ ಧೂಳು. ನನ್ನನ್ನ ನೋಡ್ತಿದಾರಾ ಅಂತ ಇನ್ನೂ ದೊಡ್ಡದು ಮಾಡಿದೆ. ಇಲ್ಲ. ಕೊನೇ ಫೋಟೋದಲ್ಲಿ ಹೆಲ್ಮೆಟ್ ನನ್ನನ್ನೂ ದಾಟಿ ತಿರುಗಿದೆ. ನನ್ನ ಹಿಂದೆ, ಮುಂದಿನ ರಸ್ತೆ ಕಡೆ. ಒಂದು ಗಳಿಗೆ ಹೊಟ್ಟೆಕಿಚ್ಚಾಯ್ತು, ಆಮೇಲೆ ಕುರ್ಚಿ ಬೀಳೋ ಹಾಗೆ ಎದ್ದು ಕುಣಿದೆ.

"ಬಾಗಿಲಿಗೆ ಆಗಲ್ಲ" ಅಂದ್ರು ಕಂಬ ಸರ್.

"ಆಗಲ್ಲ ಸರ್."

"ಹೋದ ಸಲದ್ದು ಕೊಡು. ಕಣ್ಣಿಂದು. ಅದು ಆಗತ್ತೆ."

ಕೊಡ್ಲಿಲ್ಲ. ಆ ಫೋಟೋ ಅಲ್ಲೇ ಅಳಿಸಿಬಿಟ್ಟೆ, ಅವರೆದುರಿಗೇ. ಯಾಕೆ ಅಂತ ಕೇಳಿದ್ರೆ ಏನು ಹೇಳ್ತಿದ್ನೋ, ಅವರು ಕೇಳ್ಲಿಲ್ಲ. ಕಡಲೆಕಾಳಿನ ಫೋಟೋನ ಪ್ರಿಂಟ್ ತೆಗೆದ್ರು. ಗೂಡಿನ ಒಳಗೆ, ನಾವು ಕೂತು ನಂಬರ್ ವಿಂಗಡಿಸೋ ಮೇಜಿನ ಮೇಲೆ, ಗೋಡೆಗೆ ಅಂಟಿಸಿದ್ರು. "ಬಾಗಿಲು ಬರೋರಿಗೆ. ಇದು ನಮಗೆ" ಅಂದ್ರು.

ಮೂರನೇ ತಿರುವು ಹೋಯ್ತು, ಅದನ್ನ ನಾನೇ ಕೇಳ್ಲಿಲ್ಲ. ಆದ್ರೆ ಮೇಷ್ಟ್ರು ಕಿಟಕಿಯಿಂದ ತಲೆ ಹಾಕಿ, "ಡಾಂಬರು ಮುಗಿದ ಮೇಲೆ ನಿಧಾನದ ಗುಂಪಿಗೆ ಹೊಸಬರು ಬರ್ತಾರೆ. ಇವನು ಆ ಕಟ್ಟೆ ಹತ್ರನೇ ಬೇಕು ನನಗೆ. ಬಾಯಲ್ಲಿ ಹೇಳಿ ಹೇಳಿ ನನ್ನ ಗಂಟಲು ಹೋಗಿದೆ" ಅಂದ್ರು. ಕಂಬ ಸರ್ ನನ್ನ ಕಡೆ ನೋಡಿ, "ಆ ಜಾಗಕ್ಕೆ ಹೆಸರೇ ಇಲ್ಲ. ಈವರೆಗೆ ಯಾರೂ ನಿಂತಿಲ್ಲ. ಬೇಕಾ?" ಅಂದ್ರು.

ನಾನು ಮರಳು ಚೀಲನ ಎಲ್ಲಿಡೋದು ಅಂತ ಕೇಳಿದೆ. ಮಳೆ ಬಂದ್ರೆ ನೆನೆಯತ್ತಲ್ಲ. ಗೂಡಿನ ಮೂಲೆಯಲ್ಲಿಡು ಅಂದ್ರು.

ಏಪ್ರಿಲ್ 7, ಸೋಮವಾರ

ಬೆಳಗ್ಗೆ ಬಸ್ಸಕ್ಕ ಫೋನಲ್ಲಿ ಒಂದು ಸದ್ದು ಕಳಿಸಿದಾರೆ, ಮಾತಿಲ್ಲ. ಮೊದಲು ಬಸ್ಸಿನ ಬಾಗಿಲು ತೆರೆಯೋ ಉಸ್ಸು. ಆಮೇಲೆ ಒಂದು ಕೀರಲು ದನಿ, "ಗೀಚ್ತಾ?" ಆಮೇಲೆ ಅರವತ್ತು ಗಂಟಲು ಒಟ್ಟಿಗೆ ಕಿರುಚಿದ್ದು. ಬೇಕರಿ ಅಣ್ಣನಿಗೂ ಕೇಳಿಸಿದೆ. ಏನಿದು, ಎಲ್ಲಾದ್ರೂ ಬೆಂಕಿ ಬಿತ್ತಾ ಅಂದ.

ಸಂಜೆ ಅತ್ತಿಗೆ ಫೋನು. "ಟ್ರ್ಯಾಕು ಮುಚ್ಚಿದ್ರಂತಲ್ಲ. ಮುಂದೆ ಯಾವ ಊರು? ಬ್ಯಾಗ್ ಕಟ್ಟಿದ್ಯಾ?"

"ಬ್ಯಾಗಿನ ತುಂಬ ಮರಳು ಅತ್ತಿಗೆ. ಇಬ್ಬರು ಹಿಡಿದ್ರೂ ಏಳಲ್ಲ."

ಮೆಷಿನ್ನಿನ ಕಟಕಟ ನಿಂತುಹೋಯ್ತು. ಬೈತಾರೆ ಅಂದ್ಕೊಂಡೆ, ಅಷ್ಟು ಕಷ್ಟಪಟ್ಟು ಹೊಲಿದಿದ್ರು.

"ಬಟ್ಟೆಯೆಲ್ಲ ಎಲ್ಲಿಟ್ಟೆ?"

"ಗೋಡೆಗೆ ಮೊಳೆ ಹೊಡೆದಿದೀನಿ. ನೇತುಹಾಕಿದೀನಿ."

ಆಮೇಲೆ ಮೆಷಿನ್ನು ಮತ್ತೆ ಶುರುವಾಯ್ತು.

"ಮೊಳೆಗೆ ಹಾಕಿದ್ರೆ ಅಂಗಿ ಕೊರಳು ಎದ್ದು ನಿಲ್ಲತ್ತೆ ಕಣೋ, ಹಾಳಾಗತ್ತೆ. ಹ್ಯಾಂಗರ್ ತಗೋ."

ಅದೂ ನಿಜ. ನಾಳೆ ಔಷಧಿ ಅಂಗಡಿ ಪಕ್ಕದ ಅಂಗಡಿಯಲ್ಲಿ ನೋಡ್ಬೇಕು. ಮರದ್ದು ಸಿಕ್ರೆ ಒಳ್ಳೇದು, ಪ್ಲಾಸ್ಟಿಕ್ಕಿಂದು ಬೇಗ ಮುರೀತವೆ.